ಹಮಾಲಿ ಸೊನ್ನೆ ಬಂದ ದಿನ

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ಸೋದರಮಾವನ ದಲಾಲಿ ಅಂಗಡಿ ಇದೆ. ದೀಪಾವಳಿ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಎತ್ತ ನೋಡಿದರೂ ಮೆಕ್ಕೆಜೋಳ. ಟ್ರ್ಯಾಕ್ಟರಿನಿಂದ ಇಳಿಸಿದ್ದು, ನೆಲಕ್ಕೆ ಹರವಿದ್ದು, ಚೀಲಕ್ಕೆ ತುಂಬಿ ಹೊಲಿದದ್ದು. ಆ ಧೂಳಿನ ನಡುವೆ ಮಾವನ ಮೇಜಿನ ಮೇಲೆ ಒಂದು ಹಳೇ ಲ್ಯಾಪ್‌ಟಾಪ್. ಅದರೊಳಗೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ತೂಕ, ದರ, ಹಮಾಲಿ ಎಲ್ಲ ಲೆಕ್ಕ ಹಾಕಿ ರೈತರಿಗೆ ಪಟ್ಟಿ ಮುದ್ರಿಸಿ ಕೊಡುವುದು ಅದರ ಕೆಲಸ.

ಒಂದು ಸಂಜೆ ವಯಸ್ಸಾದ ಹಮಾಲರೊಬ್ಬರು ಪಟ್ಟಿ ಹಿಡಿದುಕೊಂಡು ಬಂದರು. ನನ್ನನ್ನು ಚಿಕ್ಕವನಿದ್ದಾಗಿನಿಂದ ನೋಡಿದವರು.

'ಏನ್ ತಮ್ಮಾ, ಇವತ್ತು ಚೀಲ ಎಲ್ಲಾ ನಿನ್ನ ಕಂಪ್ಯೂಟರೇ ಹೊತ್ತೈತಾ?'

ನೋಡಿದೆ. ಒಟ್ಟು ತೂಕ 127 ಕ್ವಿಂಟಾಲ್ ಚಿಲ್ಲರೆ. ಸರಿಯಾಗಿಯೇ ಇದೆ. ಅದರ ಕೆಳಗೆ ಚೀಲಗಳ ಸಂಖ್ಯೆ: ಸೊನ್ನೆ. ಹಮಾಲಿ: ಸೊನ್ನೆ. 212 ಚೀಲ ಹೊತ್ತ ಮನುಷ್ಯರಿಗೆ ಸೊನ್ನೆ ರೂಪಾಯಿ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ಮಾವ ನಗಲಿಲ್ಲ.

ಕಾರಣ ಹುಡುಕಲು ನನಗೆ ರಾತ್ರಿ ಹನ್ನೊಂದಾಯಿತು. ಕಾರಣ ಗೊತ್ತಾದ ಮೇಲೆ ಸಿಟ್ಟು ಇಳಿಯುವ ಬದಲು ಜಾಸ್ತಿಯಾಯಿತು. ಪ್ರೋಗ್ರಾಂ ಎಲ್ಲಿಯೂ ಬಿದ್ದಿರಲಿಲ್ಲ. ಕೆಂಪು ಅಕ್ಷರದ ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಸುಮ್ನೆ ಸೊನ್ನೆ ಕೊಟ್ಟು ಮುಂದೆ ಹೋಗಿತ್ತು.

ಆಗಿದ್ದಿಷ್ಟು. ತೂಕದ ಚೀಟಿಗಳ ಸಾಲಿನ ಮೇಲೆ ಪ್ರತಿಯೊಂದಕ್ಕೂ ಒಂದೇ ಕೆಲಸ ಮಾಡುವ 'ಮ್ಯಾಪ್' ಎಂಬ ಫಂಕ್ಷನ್ ಓಡಿಸಿ ಪ್ರತಿ ಚೀಲದ ತೂಕ ತೆಗೆದಿದ್ದೆ. ಮೊದಲು ಅದರ ಮೊತ್ತ ಕೇಳಿದೆ, ಕೊಟ್ಟಿತು. ಆಮೇಲೆ ಅದರಲ್ಲೇ ಎಷ್ಟು ಚೀಲ ಇವೆ ಎಂದು ಎಣಿಸಿದೆ. ಆದರೆ ಪೈಥಾನ್ 3ರಲ್ಲಿ ಮ್ಯಾಪ್ ಕೊಡುವುದು ಲಿಸ್ಟ್ ಅಲ್ಲ, ಕೇಳಿದಾಗ ಒಂದೊಂದನ್ನೇ ಕೊಡುವ ಇಟರೇಟರ್. ಬಾಯಿ ಬಿಚ್ಚಿ ಬೋರಲು ಹಾಕಿದ ಚೀಲದ ಹಾಗೆ. ಒಂದು ಸಲ ಸುರಿದರೆ ಮುಗಿಯಿತು. ಎರಡನೇ ಸಲ ಕೈಹಾಕಿದರೆ ಒಳಗೆ ಏನೂ ಇರುವುದಿಲ್ಲ. ಏನೂ ಇಲ್ಲದ್ದನ್ನು ಎಣಿಸಿದರೆ ಸೊನ್ನೆ. ಲೆಕ್ಕದ ಪ್ರಕಾರ ಅದು ತಪ್ಪೂ ಅಲ್ಲ!

ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಮೊದಲು ಲೆನ್ ಹಾಕಿ ಉದ್ದ ಕೇಳಿದಾಗ ಪೈಥಾನ್ 'ಇದಕ್ಕೆ ಉದ್ದ ಇಲ್ಲ' ಎಂದು ಎರರ್ ಕೊಟ್ಟಿತ್ತು. ಅಲ್ಲಿ ನಿಂತು ಯೋಚಿಸಬೇಕಿತ್ತು. ನಾನು ಬುದ್ಧಿವಂತ ಅಲ್ವಾ? ಒಂದೊಂದಕ್ಕೂ ಒಂದು ಅಂಕಿ ಸೇರಿಸಿ ಎಣಿಸುವ ಒಂದು ಸಾಲಿನ ಜಾಣತನ ಬರೆದೆ. ಎರರ್ ಹೋಯಿತು. ಹಮಾಲಿಯೂ ಹೋಯಿತು.

ಈ ಜಾಣತನ ನನಗೆ ಅಂಟಿದ್ದು 2020ರ ಲಾಕ್‌ಡೌನಿನಲ್ಲಿ. ಬೆಂಗಳೂರಿನ ಕಂಪನಿ ಮನೆಯಿಂದಲೇ ಕೆಲಸ ಮಾಡಿ ಎಂದಾಗ ಊರಿಗೆ ಬಂದವನು ಇಲ್ಲೇ ಉಳಿದುಬಿಟ್ಟೆ. ರಾತ್ರಿ ಕರೆಂಟು ಇದ್ದಷ್ಟು ಹೊತ್ತು ಹ್ಯಾಸ್ಕೆಲ್ ಕಲಿತೆ. ಹ್ಯಾಸ್ಕೆಲ್ ಅಪ್ಪಟ ಫಂಕ್ಷನಲ್ ಭಾಷೆ. ಅಲ್ಲಿ ಒಂದು ಹೆಸರಿಗೆ ಒಂದು ಬೆಲೆ ಕೊಟ್ಟರೆ ಅದು ಬದಲಾಗುವುದಿಲ್ಲ. ಫಂಕ್ಷನ್ ಎಂದರೆ ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಬರುವ ಗಿರಣಿ. ಅಕ್ಕಪಕ್ಕದ ಯಾವುದನ್ನೂ ಅದು ಮುಟ್ಟುವಂತಿಲ್ಲ. ಅಲ್ಲಿಯೂ ಲೆಕ್ಕವೆಲ್ಲ ಬೇಕಾದಾಗಲೇ ನಡೆಯುತ್ತದೆ, ಮೊದಲೇ ಅಲ್ಲ. ಆದರೂ ಒಂದು ಲಿಸ್ಟಿನ ಮೊತ್ತವನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರ. ಎರಡು ವರ್ಷ ಆ ರುಚಿ ನೋಡಿದವನು ಪೈಥಾನಿಗೆ ವಾಪಸ್ ಬಂದು, ಇಲ್ಲಿಯೂ ಮ್ಯಾಪ್, ಬೇಕಾದ್ದನ್ನು ಮಾತ್ರ ಸೋಸಿಕೊಡುವ ಫಿಲ್ಟರ್, ಲ್ಯಾಂಬ್ಡಾ ಇವೆಯಲ್ಲ ಎಂದು ಖುಷಿಪಟ್ಟೆ.

ಬೆಂಗಳೂರಿನಲ್ಲಿ 'ದಾವಣಗೆರೆ ಬೆಣ್ಣೆದೋಸೆ' ಎಂಬ ಬೋರ್ಡು ನೋಡಿ ಒಳಗೆ ಹೋದ ನಮ್ಮೂರಿನವರಿಗೆ ಈ ಖುಷಿ ಎಲ್ಲಿಗೆ ಮುಟ್ಟುತ್ತದೆ ಎಂದು ಗೊತ್ತು. ದೋಸೆ ಗುಂಡಗೇ ಇರುತ್ತದೆ. ಪಲ್ಯ ಇರುತ್ತದೆ, ಚಟ್ನಿ ಇರುತ್ತದೆ. ಬೆಣ್ಣೆ ಮಾತ್ರ ಮೇಲೆ ಒಂದು ಚೂರು, ಹೆಸರಿಗೆ. ಪೈಥಾನ್ ಫಂಕ್ಷನಲ್ ಭಾಷೆಗಳಿಂದ ಫಂಕ್ಷನ್ನುಗಳ ಹೆಸರು ತಂದಿತು. ಬೆಲೆ ಬದಲಾಗುವುದಿಲ್ಲ ಎಂಬ ಭರವಸೆಯನ್ನು ತರಲಿಲ್ಲ. ಆ ಭರವಸೆಯೇ ಬೆಣ್ಣೆ.

ಇದರ ಹಿಂದಿನ ಕತೆ ಓದಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಕಡಿಮೆಯಾಯಿತು. ಗೀಡೋ ವಾನ್ ರೋಸಮ್ ಪೈಥಾನನ್ನು ಮೊದಲು ಬಿಡುಗಡೆ ಮಾಡಿದ್ದು 1991ರಲ್ಲಿ. ಆಗ ಇವು ಯಾವುವೂ ಇರಲಿಲ್ಲ. 1994ರ ಜನವರಿಯಲ್ಲಿ ಬಂದ 1.0 ಆವೃತ್ತಿಯಲ್ಲಿ ಲ್ಯಾಂಬ್ಡಾ, ಮ್ಯಾಪ್, ಫಿಲ್ಟರ್, ಇಡೀ ಸಾಲನ್ನು ಒಂದೇ ಬೆಲೆಗೆ ಇಳಿಸುವ ರೆಡ್ಯೂಸ್ ನಾಲ್ಕೂ ಒಟ್ಟಿಗೆ ಸೇರಿದವು. ಲಿಸ್ಪ್ ಭಾಷೆ ಬಳಸಿ ಅಭ್ಯಾಸವಾಗಿದ್ದ ಯಾರೋ ಒಬ್ಬರು ಅವಿಲ್ಲದೆ ಇರಲಾರದೆ ಕೋಡನ್ನೇ ಬರೆದು ಕಳಿಸಿಬಿಟ್ಟಿದ್ದರಂತೆ. ಕೆಲಸ ಮಾಡುತ್ತಿತ್ತು, ಸೇರಿಸಿಕೊಂಡರು. ಅಂದರೆ ಇವು ಮನೆಯವರು ಕರೆದ ನೆಂಟರಲ್ಲ, ಗಂಟು ಹೊತ್ತು ತಾವೇ ಬಂದ ನೆಂಟರು. ಪೈಥಾನ್ ಮೇಲೆ ಫಂಕ್ಷನಲ್ ಭಾಷೆಗಳ ಪ್ರಭಾವ ದೊಡ್ಡದು ಎಂದು ತನಗೆ ಯಾವತ್ತೂ ಅನ್ನಿಸಿಲ್ಲ ಎಂದು ಗೀಡೋ ಆಮೇಲೆ ಬರೆದಿದ್ದಾರೆ.

2005ರಲ್ಲಿ ಈ ನಾಲ್ಕನ್ನೂ ತೆಗೆದುಹಾಕೋಣ ಎಂಬ ಮಾತನ್ನೂ ಅವರೇ ಎತ್ತಿದರು. ಜಾಸ್ತಿ ಸಿಟ್ಟು ಇದ್ದದ್ದು ರೆಡ್ಯೂಸ್ ಮೇಲೆ. ಕೂಡುವುದು, ಗುಣಿಸುವುದು ಬಿಟ್ಟು ಬೇರೆ ಏನಕ್ಕಾದರೂ ಅದನ್ನು ಬಳಸಿದ್ದರೆ, ಅರ್ಥ ಮಾಡಿಕೊಳ್ಳಲು ಕಾಗದ ಪೆನ್ನು ಹಿಡಿದು ಕೂರಬೇಕು ಎಂಬುದು ಅವರ ದೂರು. ಜನ ಒಪ್ಪಲಿಲ್ಲ. 2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಂದಾಗ ಮೂರು ಉಳಿದುಕೊಂಡವು. ರೆಡ್ಯೂಸನ್ನು ಫಂಕ್ಟೂಲ್ಸ್ ಎಂಬ ಹಿತ್ತಲ ಕೋಣೆಗೆ ಕಳಿಸಿದರು. ಅದೇ ಆವೃತ್ತಿಯಲ್ಲೇ ಮ್ಯಾಪ್ ಲಿಸ್ಟ್ ಕೊಡುವುದನ್ನು ಬಿಟ್ಟು ಇಟರೇಟರ್ ಕೊಡಲು ಶುರು ಮಾಡಿದ್ದು. ದೊಡ್ಡ ಡೇಟಾ ಇದ್ದಾಗ ಮೆಮೊರಿ ಉಳಿಯುತ್ತದೆ, ಒಳ್ಳೆಯದೇ. ಮಾವನ ಅಂಗಡಿಯ 212 ಚೀಲಕ್ಕೆ ಯಾವ ಮೆಮೊರಿ ಉಳಿಸಬೇಕಿತ್ತೋ!

ರೆಡ್ಯೂಸ್ ವಿಷಯದಲ್ಲಿ ಮಾತ್ರ ನಾನು ಗೀಡೋ ಕಡೆಯೇ. ನಾನೇ ಬರೆದ ರೆಡ್ಯೂಸನ್ನು ಮೂರು ತಿಂಗಳ ನಂತರ ಓದಿ, ಯಾವ ಪುಣ್ಯಾತ್ಮ ಬರೆದನಪ್ಪ ಎಂದುಕೊಂಡಿದ್ದೇನೆ.

ಲ್ಯಾಂಬ್ಡಾ ಕತೆ ಬೇರೆ. ಹೆಸರಿಲ್ಲದ ಪುಟ್ಟ ಫಂಕ್ಷನ್ ಅದು. ಪೈಥಾನಿನ ಲ್ಯಾಂಬ್ಡಾದಲ್ಲಿ ಒಂದು ಬೆಲೆ ಕೊಡುವ ಒಂದೇ ಒಂದು ಎಕ್ಸ್‌ಪ್ರೆಶನ್ ಬರೆಯಬಹುದು. ಎರಡನೇ ಸಾಲಿಗೆ ಜಾಗವಿಲ್ಲ. ಪೈಥಾನಿನಲ್ಲಿ ಬ್ಲಾಕ್ ಎಂದರೆ ಸಾಲಿನ ಮುಂದೆ ಬಿಡುವ ಜಾಗ. ಆ ಜಾಗವನ್ನು ಒಂದು ಕಂಸದ ನಡುವೆ ಹೇಗೆ ತೂರಿಸುವುದು? ಒಪ್ಪುವಂಥ ದಾರಿ ಯಾವುದೂ ಇಲ್ಲ ಎಂದು 2006ರಲ್ಲೇ ಗೀಡೋ ಕೈಮುಗಿದರು. ಇದನ್ನು ನಾನು ಸಹಿಸಿಕೊಳ್ಳುತ್ತೇನೆ. ಎರಡು ಸಾಲು ಬೇಕೆಂದರೆ ಒಂದು ಹೆಸರಿಟ್ಟು ಬೇರೆ ಫಂಕ್ಷನ್ ಬರೆದರಾಯಿತು. ಹೆಸರಿದ್ದರೆ ಎರರ್ ಬಂದಾಗಲೂ ಅನುಕೂಲ. ಇಲ್ಲದಿದ್ದರೆ ಎರರ್ ಎಲ್ಲಿಂದ ಬಂತೆಂದು ತೋರಿಸುವ ಟ್ರೇಸ್‌ಬ್ಯಾಕಿನಲ್ಲಿ ಎಲ್ಲರ ಹೆಸರೂ ಲ್ಯಾಂಬ್ಡಾ. ಒಂದೇ ಓಣಿಯಲ್ಲಿ ಐದು ಮಂಜುನಾಥರಿದ್ದ ಹಾಗೆ.

ನನಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಲ್ಯಾಂಬ್ಡಾದ ಇನ್ನೊಂದು ಗುಣ. ಮೆಕ್ಕೆಜೋಳದಲ್ಲಿ ತೇವ ಜಾಸ್ತಿ ಇದ್ದರೆ ದರ ಇಳಿಯುತ್ತದೆ. ಸರ್ಕಾರದ ಬೆಂಬಲ ಬೆಲೆಗೆ ಮಾರಬೇಕೆಂದರೂ ತೇವ ಶೇ 14 ದಾಟುವಂತಿಲ್ಲ. ಆದ್ದರಿಂದ ಒಣಗಿದ ಕಾಳಿಗೆ ಒಂದು, ಸ್ವಲ್ಪ ಹಸಿ ಇದ್ದುದಕ್ಕೆ ಒಂದು, ಪೂರ್ತಿ ಹಸಿಗೆ ಒಂದು ಎಂದು ಮೂರು ಲೆಕ್ಕ ಬೇಕಿತ್ತು. ಒಂದು ಲೂಪ್ ಹಾಕಿ ಮೂರು ಲ್ಯಾಂಬ್ಡಾ ಹುಟ್ಟಿಸಿದೆ, ಒಂದೊಂದರೊಳಗೆ ಒಂದೊಂದು ದರ. ನೋಡಲು ಮುದ್ದಾಗಿತ್ತು. ಮಾವ ಪರದೆ ನೋಡಿ, 'ಏನಪ್ಪಾ ಅಳಿಯಾ, ಗರಿಗರಿ ಒಣಗಿದ ಕಾಳಿಗೂ ಹಸಿ ಕಾಳಿನ ರೇಟು ಹಾಕೀಯಲ್ಲೋ' ಎಂದರು. ಮೂರೂ ಲ್ಯಾಂಬ್ಡಾಗಳು ಕೊನೆಯ ದರವನ್ನೇ ಹೇಳುತ್ತಿದ್ದವು.

ಯಾಕೆಂದರೆ ಪೈಥಾನಿನ ಲ್ಯಾಂಬ್ಡಾ ತಾನು ಹುಟ್ಟಿದಾಗ ದರ ಎಷ್ಟಿತ್ತು ಎಂದು ನೆನಪಿಟ್ಟುಕೊಳ್ಳುವುದಿಲ್ಲ. 'ದರ' ಎಂಬ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಕರೆದಾಗ ಹೋಗಿ ಆ ಹೆಸರಿನ ಬಾಗಿಲು ತಟ್ಟುತ್ತದೆ. ಅಷ್ಟರಲ್ಲಿ ಲೂಪ್ ಮುಗಿದು ಆ ಮನೆಯಲ್ಲಿ ಕೊನೆಯ ಬಾಡಿಗೆದಾರ ಮಾತ್ರ ಇರುತ್ತಾನೆ. ಇದಕ್ಕೆ ಎಲ್ಲರೂ ಹೇಳುವ ಮದ್ದು, ಲ್ಯಾಂಬ್ಡಾದ ಆರ್ಗ್ಯುಮೆಂಟಿನಲ್ಲಿ 'ದರ=ದರ' ಎಂದು ಬರೆಯುವುದು. ಡಿಫಾಲ್ಟ್ ಬೆಲೆ ಮಾತ್ರ ಹುಟ್ಟಿದಾಗಲೇ ಗಟ್ಟಿಯಾಗುತ್ತದೆ, ಅದಕ್ಕೆ. ಕೆಲಸ ಮಾಡುತ್ತದೆ. ಆದರೆ ಹೊಸಬರಿಗೆ ಇದನ್ನು ವಿವರಿಸಿ ನೋಡಿ. ದರ ಯಾಕೆ ದರಕ್ಕೆ ಸಮ ಎಂದು ಬರೆಯಬೇಕು ಎಂದು ಕೇಳಿದರೆ ಏನು ಹೇಳುತ್ತೀರಿ?

ಹೀಗೆ ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ ಎಂದು ಆಶ್ಚರ್ಯವಾದರೆ, ಹೌದು, ಪೈಥಾನ್ 3ರಲ್ಲಿ ಅದಕ್ಕೆ ಅವಕಾಶ ಇದೆ. ಇಫ್, ಫಾರ್ ಮುಂತಾದ ಭಾಷೆಯ ಸ್ವಂತ ಪದಗಳು ಇಂಗ್ಲಿಷಿನಲ್ಲೇ ಇರಬೇಕು. ವೇರಿಯಬಲ್ಲು, ಫಂಕ್ಷನ್ನುಗಳ ಹೆಸರು ಮಾತ್ರ ತೂಕ, ದರ, ಚೀಲ ಎಂದೆಲ್ಲ ಇಡಬಹುದು. ಒಂದೇ ತೊಡಕು. 'ಲಾಟ್‌ಗಳು' ಎಂದು ಬರೆಯುವಾಗ ಟ ಮತ್ತು ಗ ಒಂದಕ್ಕೊಂದು ಅಂಟದಿರಲಿ ಎಂದು ನಾವು ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ಅದು ಪೈಥಾನಿಗೆ ಆಗುವುದಿಲ್ಲ. ಸಿಂಟ್ಯಾಕ್ಸ್ ಎರರ್ ಎನ್ನುತ್ತದೆ. 'ಲಾಟುಗಳು' ಎಂದರೆ ಒಪ್ಪುತ್ತದೆ. ನಮ್ಮ ಕಡೆ ಮಾತಾಡುವುದೂ ಹಾಗೆಯೇ, ಹಾಗಾಗಿ ನನಗೆ ನಷ್ಟವಿಲ್ಲ.

ಕನ್ನಡದಲ್ಲಿ ಹೆಸರಿಟ್ಟ ಮೇಲೆಯೇ ಇನ್ನೊಂದು ಕಿರಿಕಿರಿ ಕಣ್ಣಿಗೆ ಹೊಡೆದದ್ದು. ನಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿದವರಿಗೆ ಗೊತ್ತು. ಭತ್ತ ನೆನೆಸುತ್ತಾರೆ, ಬೇಯಿಸುತ್ತಾರೆ, ಒಣಗಿಸುತ್ತಾರೆ, ಹೊಟ್ಟು ತೆಗೆಸುತ್ತಾರೆ, ಉಪ್ಪು ಹಾಕುತ್ತಾರೆ, ಕಾದ ಮರಳಿನಲ್ಲಿ ಹುರಿಯುತ್ತಾರೆ. ಒಂದರ ಕೈಯಿಂದ ಇನ್ನೊಂದರ ಕೈಗೆ. ಫಂಕ್ಷನಲ್ ಪ್ರೋಗ್ರಾಮಿಂಗಿನ ಜೀವಾಳವೇ ಈ ಸಾಲು. ಎಲಿಕ್ಸಿರ್, ಎಫ್ ಶಾರ್ಪ್ ಥರದ ಭಾಷೆಗಳಲ್ಲಿ ಇದನ್ನು ಇದೇ ಕ್ರಮದಲ್ಲಿ ಬರೆಯಲು ಒಂದು ಪೈಪ್ ಗುರುತು ಇದೆ. ಪೈಥಾನಿನಲ್ಲಿ ಬರೆಯಬೇಕಾದ್ದು ಹೀಗೆ:

ಹುರಿ(ಉಪ್ಪುಹಾಕು(ಹೊಟ್ಟುತೆಗೆ(ಒಣಗಿಸು(ಬೇಯಿಸು(ನೆನೆಸು(ಭತ್ತ))))))

ಓದುವಾಗ ಮೊದಲು ಸಿಗುವುದು ಹುರಿಯುವುದು. ಭತ್ತ ಕೊನೆಯಲ್ಲಿ, ಆರು ಕಂಸಗಳ ಒಳಗೆ ಉಸಿರುಕಟ್ಟಿ ಕೂತಿದೆ. ತಮಾಷೆ ಎಂದರೆ ಕನ್ನಡಕ್ಕೆ ಈ ಸಾಲು ಸಹಜ. 'ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪು ಹಾಕಿ, ಹುರಿ' ಎಂದು ಅಜ್ಜಿಯೂ ಹೇಳುತ್ತಾಳೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಯೋಚಿಸುವವನಿಗೆ ಈ ತಲೆಕೆಳಗಾದ ಸಾಲು ಇನ್ನೂ ಜಾಸ್ತಿ ಚುಚ್ಚುತ್ತದೆ ಎಂದು ನನ್ನ ಅನುಮಾನ.

ಒಂದೊಂದು ಹಂತಕ್ಕೂ ಒಂದು ವೇರಿಯಬಲ್ ಇಡಿ ಎನ್ನುತ್ತಾರೆ. ಇಡಬಹುದು. ಅಥವಾ ಒಂದೇ ಸಾಲಿನಲ್ಲಿ ಹೊಸ ಲಿಸ್ಟ್ ಕಟ್ಟುವ ಲಿಸ್ಟ್ ಕಾಂಪ್ರಿಹೆನ್ಶನ್ ಬರೆಯಿರಿ ಎನ್ನುತ್ತಾರೆ. ಅದು 2000ದಲ್ಲಿ ಪೈಥಾನ್ 2.0 ಜೊತೆ ಬಂತು, ಹ್ಯಾಸ್ಕೆಲ್ ನೋಡಿ ಕಲಿತದ್ದು. ಇದೊಂದನ್ನು ಮಾತ್ರ ಪೈಥಾನ್ ಮನಸ್ಸಿಟ್ಟು ಮಾಡಿದೆ. ಓದಲು ಚೆನ್ನ, ಲ್ಯಾಂಬ್ಡಾ ಹಾಕಿದ ಮ್ಯಾಪಿಗಿಂತ ಸಾಮಾನ್ಯವಾಗಿ ವೇಗವೂ ಹೌದು, ಲಿಸ್ಟನ್ನೇ ಕೊಡುತ್ತದೆ. ಅದನ್ನು ಬಳಸಿದ್ದರೆ ಹಮಾಲಿ ಸೊನ್ನೆ ಬರುತ್ತಿರಲಿಲ್ಲ. ನಾನು ಮ್ಯಾಪ್ ಹಿಡಿದುಕೊಂಡದ್ದು ಹ್ಯಾಸ್ಕೆಲ್ ಕಲಿತವನ ಬಿಂಕ, ಅಷ್ಟೇ.

ಗ್ರೂಪ್‌ಬೈ ವಿಷಯವನ್ನು ಹೇಳದೆ ಬಿಡಲಾರೆ. ಇಟರ್‌ಟೂಲ್ಸ್ ಎಂಬ ಪೆಟ್ಟಿಗೆಯಲ್ಲಿ ಅದಿದೆ. ಯಾವ ತಾಲ್ಲೂಕಿನಿಂದ ಎಷ್ಟು ಮಾಲು ಬಂತು ಎಂದು ಮಾವ ಕೇಳಿದರು. ಜಗಳೂರು, ಹರಿಹರ, ಚನ್ನಗಿರಿ ಎಂದು ಗುಂಪು ಮಾಡಿ ಕೂಡಿ, ಒಂದು ಹೆಸರಿಗೆ ಒಂದೇ ಬೆಲೆ ಇಡುವ ಡಿಕ್ಷನರಿಗೆ ಹಾಕಿದೆ. ಜಗಳೂರಿನದು ಬರೀ 9 ಕ್ವಿಂಟಾಲ್ ತೋರಿಸಿತು. ಬೆಳಗ್ಗೆಯಿಂದ ಜಗಳೂರಿನ ಟ್ರ್ಯಾಕ್ಟರುಗಳೇ ಸಾಲುಗಟ್ಟಿದ್ದವು! ಗ್ರೂಪ್‌ಬೈ ಪಕ್ಕಪಕ್ಕದಲ್ಲಿರುವ ಒಂದೇ ಥರದವನ್ನು ಮಾತ್ರ ಗುಂಪು ಮಾಡುತ್ತದೆ. ಜಗಳೂರಿನ ಲಾಟು, ಆಮೇಲೆ ಹರಿಹರದ್ದು, ಮತ್ತೆ ಜಗಳೂರಿನದು ಬಂದರೆ ಜಗಳೂರಿಗೆ ಎರಡು ಗುಂಪು. ಡಿಕ್ಷನರಿಯಲ್ಲಿ ಎರಡನೆಯದು ಮೊದಲನೆಯದರ ಮೇಲೆ ಕೂತು ಅದನ್ನು ಅಳಿಸಿಬಿಡುತ್ತದೆ. ಮೊದಲೇ ಸಾರ್ಟ್ ಮಾಡಿಕೊಂಡು ಬನ್ನಿ ಎಂದು ಕೈಪಿಡಿಯಲ್ಲಿ ಬರೆದಿದೆ. ನಾನು ಓದಿರಲಿಲ್ಲ.

ಓದಿದ ಮೇಲೆ ಲಾಟುಗಳ ಮೇಲೆ ಸಾರ್ಟ್ ಕರೆದು ಅದರ ಫಲವನ್ನು ಗ್ರೂಪ್‌ಬೈಗೆ ಕೊಟ್ಟೆ. ಲಿಸ್ಟಿನ ಸಾರ್ಟ್ ಆ ಲಿಸ್ಟನ್ನೇ ಕಲಕಿ ಜೋಡಿಸುತ್ತದೆ. ವಾಪಸ್ ಕೊಡುವುದು 'ನನ್', ಅಂದರೆ ಏನೂ ಇಲ್ಲ. ಹೊಸ ಲಿಸ್ಟ್ ಬೇಕೆಂದರೆ ಸಾರ್ಟೆಡ್ ಎಂಬ ಬೇರೆ ಫಂಕ್ಷನ್. ಇಲ್ಲಿ ಮಾತ್ರ ಪೈಥಾನ್ ಎರರ್ ಕೊಟ್ಟಿತು. ಅಷ್ಟರಮಟ್ಟಿಗೆ ಅದಕ್ಕೆ ಕೃತಜ್ಞ.

ನನ್ನ ಜಗಳ ಏನೆಂದು ಇಷ್ಟು ಹೊತ್ತಿಗೆ ನಿಮಗೆ ಹೊಳೆದಿರಬಹುದು. ಪೈಥಾನಿನಲ್ಲಿ ಇಂಥದ್ದು ಇಲ್ಲ ಎಂಬುದು ನನ್ನ ದೂರಲ್ಲ. ಫಂಕ್ಷನ್ ಕೊನೆಯಲ್ಲಿ ತನ್ನನ್ನೇ ಕರೆದುಕೊಂಡರೆ ಮೆಮೊರಿ ಜಾಸ್ತಿ ಹಿಡಿಯದ ಟೇಲ್ ಕಾಲ್ ಅನುಕೂಲ ಬೇಕೆಂದು ಜನ ಕೇಳಿದಾಗ 2009ರಲ್ಲಿ ಗೀಡೋ ಇಲ್ಲ ಎಂದರು. ಟ್ರೇಸ್‌ಬ್ಯಾಕ್ ಹಾಳಾಗುತ್ತದೆ ಎಂಬುದು ಅವರ ಕಾರಣಗಳಲ್ಲೊಂದು. ಹಾಗಾಗಿ ಒಂದು ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳುತ್ತ ಹೋದರೆ ಸಾವಿರದ ಹತ್ತಿರ ಪೈಥಾನ್ ನಿಲ್ಲಿಸುತ್ತದೆ. ದುರ್ಗದ ಕೋಟೆಗೆ ಏಳು ಸುತ್ತು, ಪೈಥಾನಿಗೆ ಸಾವಿರ ಸುತ್ತು. ದಾಟಿದರೆ ರಿಕರ್ಶನ್ ಎರರ್ ಎಂದು ಬಾಗಿಲಲ್ಲೇ ತಡೆಯುತ್ತದೆ. ಇದರ ಬಗ್ಗೆ ನನಗೆ ಬೇಸರವೇ ಇಲ್ಲ. ಬಾಗಿಲು ಹಾಕಿದೆ ಎಂದು ಗೊತ್ತಾದರೆ ಬೇರೆ ದಾರಿ ಹಿಡಿಯಬಹುದು. ಅರ್ಧ ತೆರೆದಿಟ್ಟು ಒಳಗೆ ಕರೆದು, ಸೊನ್ನೆಯನ್ನೋ ತಪ್ಪು ದರವನ್ನೋ ಕೈಗಿಟ್ಟು ಕಳಿಸುವ ಬಾಗಿಲುಗಳಿಗೆ ಏನು ಮಾಡುವುದು?

ಮಾವನ ಅಂಗಡಿಯಲ್ಲಿ ಒಬ್ಬರು ಗುಮಾಸ್ತರಿದ್ದಾರೆ. ಕಂಪ್ಯೂಟರ್ ಬಂದರೂ ಕೀರ್ದಿ ಪುಸ್ತಕ ಬಿಟ್ಟಿಲ್ಲ. ಹಮಾಲಿ ಸೊನ್ನೆಯಾದ ಮರುದಿನ ನಾನು ಪಟ್ಟಿಯನ್ನು ಸರಿಮಾಡಿ ಹಳೆಯದರ ಮೇಲೆ ಸೇವ್ ಮಾಡುತ್ತಿದ್ದೆ. ಹಿಂದೆ ನಿಂತು ನೋಡಿದ ಅವರು, 'ಅದೇನದು, ಅಳಿಸ್ತೀಯಾ? ಅಳಿಸಬಾರದಪ್ಪ' ಎಂದರು. ಅವರ ಪುಸ್ತಕದಲ್ಲಿ ತಪ್ಪಾದರೆ ಆ ಸಾಲು ಹಾಗೇ ಇರುತ್ತದೆ. ಕೆಳಗೆ ಇನ್ನೊಂದು ಸಾಲು ಬರೆದು ಜಮಾ-ಖರ್ಚು ಹಾಕುತ್ತಾರೆ. ಬರೆದದ್ದನ್ನು ಮುಟ್ಟುವುದಿಲ್ಲ. ಹ್ಯಾಸ್ಕೆಲ್ ನನಗೆ ಎರಡು ವರ್ಷ ಕಲಿಸಿದ್ದನ್ನು ಈ ಮನುಷ್ಯ ನೀಲಿ ಇಂಕಿನಲ್ಲಿ ನಲವತ್ತು ವರ್ಷದಿಂದ ಮಾಡುತ್ತಿದ್ದಾರೆ. ಪೈಥಾನಿನಲ್ಲಿ ಹಾಗೆ ಮಾಡಲು ಟಪಲ್ ಇದೆ, ಫ್ರೋಜನ್ ಡೇಟಾಕ್ಲಾಸ್ ಇದೆ. ಬದಲಾಯಿಸಲು ಬಿಡುವುದಿಲ್ಲ ಎನ್ನುತ್ತವೆ. ಆದರೆ ಅವುಗಳೊಳಗೆ ಒಂದು ಲಿಸ್ಟ್ ಇಟ್ಟರೆ ಆ ಲಿಸ್ಟಿಗೆ ಯಾರು ಬೇಕಾದರೂ ಏನನ್ನಾದರೂ ಸೇರಿಸಬಹುದು. ಪೆಟ್ಟಿಗೆಗೆ ಬೀಗ, ಹಿಂಬದಿಗೆ ಹಲಗೆ ಇಲ್ಲ. ಇದನ್ನು ಗುಮಾಸ್ತರಿಗೆ ಹೇಳಿದೆ. 'ಹಂಗಾದ್ರೆ ಬೀಗ ಯಾಕೆ?' ಎಂದು ಕೇಳಿ ತಮ್ಮ ಕೆಲಸಕ್ಕೆ ಹೋದರು.

ಈಗ ಆ ಪ್ರೋಗ್ರಾಂ ನೋಡಿಕೊಳ್ಳುವವಳು ಅಂಗಡಿಗೆ ಹೊಸದಾಗಿ ಸೇರಿದ ಬಿಕಾಂ ಹುಡುಗಿ. ನನ್ನ ಕೋಡಿನ ಮುಕ್ಕಾಲು ಭಾಗ ಒಡೆದು, ಫಾರ್ ಲೂಪ್ ಹಾಕಿ ಅವಳಿಗೆ ಓದಲು ಬರುವ ಹಾಗೆ ಮಾಡಿಕೊಟ್ಟಿದ್ದೇನೆ. ಬರೆಯುವಾಗ ಸಂಕಟವಾಗಿದ್ದು ನಿಜ. ಅವಳು ಒಂದೇ ದಿನದಲ್ಲಿ ಅರ್ಥ ಮಾಡಿಕೊಂಡಳು. ಎರಡು ಮೂರು ಕಡೆ ಮಾತ್ರ ಮ್ಯಾಪ್ ಬಿಟ್ಟಿದ್ದೆ, ಒಂದೇ ಸಲ ಬಳಸುವ ಜಾಗದಲ್ಲಿ, ನನ್ನ ಸಮಾಧಾನಕ್ಕೆ.

ಕಳೆದ ವಾರ ಏನೋ ನೋಡಲು ಫೈಲ್ ತೆಗೆದೆ. ಆ ಮ್ಯಾಪುಗಳ ಸುತ್ತ ಒಂದೊಂದು ಲಿಸ್ಟ್ ಸುತ್ತಿದ್ದಳು. ಲೂಪಿನಲ್ಲಿ ಓಡುವುದಕ್ಕೂ ಲಿಸ್ಟ್, ನೇರ ಮೊತ್ತ ತೆಗೆಯುವುದಕ್ಕೂ ಲಿಸ್ಟ್. ಒಂದು ಕಡೆಯಂತೂ ಲಿಸ್ಟಿನೊಳಗೆ ಲಿಸ್ಟ್.

'ಇಲ್ಲೆಲ್ಲ ಯಾಕಮ್ಮಾ? ಬೇಕಾಗಿಲ್ಲ ಇದು' ಎಂದೆ.

'ಸೊನ್ನೆ ಬರುತ್ತೆ ಅಂತ ನೀವೇ ಹೇಳಿದ್ರಲ್ಲ ಅಣ್ಣಾ.'

ಹೊರಗೆ ಹಮಾಲರು ಇನ್ನೊಂದು ಲಾರಿಗೆ ಚೀಲ ಏರಿಸುತ್ತಿದ್ದರು. ತೆಗೆಯಲು ಹೋಗಲಿಲ್ಲ. ಫೈಲ್ ಮುಚ್ಚಿ ಚಹಾ ಕುಡಿಯಲು ಎದ್ದೆ.